ಒಳಕ್ಕೆ ತೆರೆಯುವ ಬಾಗಿಲು

ಬೀಗ ಹಾಕಿದ್ದ ಖಾಲಿ ಡಬ್ಬಿಯೊಳಗೆ ಯಾರೋ ಉಸಿರಾಡಿ ಹೋಗಿದ್ದರು.

ನಾನು ಅದನ್ನು ಕಂಡದ್ದು ಜನವರಿಯ ಒಂದು ಬೆಳಿಗ್ಗೆ, ಎಂಟು ಗಂಟೆಗೆ. ಕೆನಡಾದ ಉತ್ತರದಲ್ಲಿರುವ ಆ ಸಣ್ಣ ಊರಿನಲ್ಲಿ ಆ ತಿಂಗಳು ಎಂಟಕ್ಕೆ ಸೂರ್ಯ ಇನ್ನೂ ಎದ್ದಿರುವುದಿಲ್ಲ. ಹಿಮದ ಮೇಲೆ ನೀಲಿ ಬೆಳಕೊಂದು ಎಲ್ಲಿಂದಲೋ ಸೋರಿ ಬಂದಂತೆ ಬಿದ್ದಿರುತ್ತದೆ. ವರ್ಕ್‌ಶಾಪಿನ ಅಂಗಳದಲ್ಲಿ ನಿಂತಿದ್ದ, ಡಬ್ಬಿಯಂಥ ಮುಚ್ಚಿದ ಟ್ರೇಲರಿನ ಬೀಗ ತೆಗೆದು, ಬ್ಯಾಟರಿ ಹಿಡಿದು ಒಳಗೆ ಕಾಲಿಟ್ಟೆ. ಹಿಂದಿನ ಸಂಜೆ ನಾನೇ ಗುಡಿಸಿ ಬೀಗ ಹಾಕಿದ್ದೆ. ಒಳಗಿದ್ದದ್ದು ಬರೀ ತಗಡಿನ ಗೋಡೆ, ಹಲಗೆಯ ನೆಲ, ಮೂಲೆಯಲ್ಲಿ ಒಂದು ಹಳೆಯ ಬೆಂಚು. ಆ ಬೆಂಚಿನ ನೇರ ಮೇಲೆ, ಛಾವಣಿಯ ತಗಡಿಗೆ, ಊಟದ ತಟ್ಟೆಯಷ್ಟು ಅಗಲಕ್ಕೆ ಬಿಳಿ ಹರಳು ಕಟ್ಟಿತ್ತು. ಉಳಿದ ಛಾವಣಿಯೆಲ್ಲ ಒಣಗಿಕೊಂಡೇ ಇತ್ತು.

ವರ್ಕ್‌ಶಾಪಿನ ಮಾಲೀಕರು ರೇ ಎಂಬ ಅರವತ್ತರ ಮನುಷ್ಯ. ಕುಂಟುತ್ತ ಬಂದು, ಕೈಗವಸು ತೆಗೆದು, ಉಗುರಿನಿಂದ ಆ ಹರಳನ್ನು ಕೆರೆದು ನೋಡಿದರು.

“ಇದು ಉಸಿರು,” ಅಂದರು. “ಒಳಗ ಯಾರರ ಕುಂತಿದ್ರ, ಬಾಯಿ ಆವಿ ತಗಡಿಗೆ ಹತ್ತಿ ಹಿಂಗ ಹರಳ ಆಗತೈತಿ. ಖಾಲಿ ಡಬ್ಬಿ ಉಸಿರಾಡಂಗಿಲ್ಲ. ನೀ ಏನರ ಇಲ್ಲೇ ಮಲಗಿದ್ದೇನು?”

“ಇಲ್ಲ,” ಅಂದೆ.

ಅವರು ಮತ್ತೇನೂ ಕೇಳದೆ ಹೊರಟುಹೋದರು. ಕೇಳದೆ ಹೋದದ್ದೇ ನನ್ನನ್ನು ಹೆದರಿಸಿತು.

ರೇ ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ಮೂರು ವರ್ಷದಿಂದ ನನ್ನ ಕಿವಿ ಅಲ್ಲಿಯ ಮಾತನ್ನೆಲ್ಲ ಕೊಪ್ಪಳದ ಮಾತು ಮಾಡಿಕೊಂಡೇ ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಕೇಳಿಸಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಯಮನೂರಪ್ಪ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನಮ್ಮ ಅಣ್ಣನ ಜೊತೆ ಟ್ರ್ಯಾಕ್ಟರಿನ ಟ್ರ್ಯಾಲಿ ಕಟ್ಟುತ್ತಿದ್ದೆ. ಕಾರಟಗಿಯ ಅಕ್ಕಿ ಗಿರಣಿಯವರಿಗೆ ಭತ್ತದ ಟ್ರ್ಯಾಲಿ, ಕನಕಗಿರಿ ಸಂತೆಗೆ ಬಟ್ಟೆ ಒಯ್ಯುವವರಿಗೆ ಮೇಲುಹೊದಿಕೆಯ ವ್ಯಾನು, ಗಂಗಾವತಿಯಲ್ಲಿ ದೋಸೆ ಮಾರುವವರಿಗೆ ಅಡಿಗೆಮನೆಯ ಗಾಡಿ. ಆಮೇಲೆ ಮಸ್ಕತ್‌ನಲ್ಲಿ ಐದು ವರ್ಷ ವೆಲ್ಡಿಂಗ್ ಮಾಡಿದೆ. ಅಲ್ಲಿಂದ ಕೆನಡಾಕ್ಕೆ ಹೋಗಿದ್ದ ಸೂಪರ್‌ವೈಸರ್ ಒಬ್ಬರು, “ಇಲ್ಲೊಬ್ಬರಿಗೆ ಟ್ರೇಲರ್ ಕೆಲಸ ಬಲ್ಲವರು ಬೇಕಾಗ್ಯಾರ” ಎಂದು ಹೇಳಿ ಕರೆಸಿಕೊಂಡರು. ಹೆಂಡತಿ ರೇಣುಕಾ ಭಾಗ್ಯನಗರದಲ್ಲೇ ಉಳಿದಳು. ಅವಳದೊಂದು ಹಿಟ್ಟಿನ ಗಿರಣಿ ಇದೆ. “ನೀವು ಹೋಗಿ ನೋಡ್ಕೊಂಡು ಬರ್ರಿ, ಗಿರಣಿ ಬಿಟ್ಟು ನಾ ಬರಂಗಿಲ್ಲ” ಅಂದವಳು ಇವತ್ತಿಗೂ ಆ ಮಾತು ಬದಲಿಸಿಲ್ಲ.

ಅಲ್ಲಿ ಯಮನೂರಪ್ಪ ಅನ್ನುವುದು ಯಾರ ಬಾಯಿಗೂ ಹೊರಳಲಿಲ್ಲ. ‘ಯಾಮ್’ ಅಂದರು. ಯಾಮ್ ಎಂದರೆ ಅವರ ಭಾಷೆಯಲ್ಲಿ ಗೆಣಸಿನ ಜಾತಿಯ ಒಂದು ಗಡ್ಡೆ. ಮೂರು ವರ್ಷ ನಾನು ಗೆಣಸಾಗಿಯೇ ಇದ್ದೆ.

ನನ್ನ ವಾಸ ರೇ ಅವರ ತಂಗಿಯ ಮನೆಯ ನೆಲಮಾಳಿಗೆಯಲ್ಲಿ. ನಮ್ಮಲ್ಲಿ ಕಿಟಕಿಯೆಂದರೆ ಬೀದಿಯಲ್ಲಿ ಹೋಗುವವರ ಮುಖ ಕಾಣಬೇಕು. ಅಲ್ಲಿ ನನ್ನ ಕಿಟಕಿಯಿಂದ ಕಾಣುತ್ತಿದ್ದದ್ದು ಹೋಗುವವರ ಬೂಟು, ಅದೂ ಅಕ್ಟೋಬರ್‌ವರೆಗೆ. ಆಮೇಲೆ ಹಿಮ ಬಿದ್ದು ಕಿಟಕಿ ಮುಚ್ಚಿತೆಂದರೆ ಏಪ್ರಿಲ್‌ವರೆಗೆ ಕೋಣೆಯೊಳಗೆ ಹಾಲಿಗೆ ನೀಲಿ ಬೆರೆಸಿದಂಥ ಬೆಳಕು. ಮೊದಲ ಚಳಿಗಾಲದಲ್ಲಿ ಎಷ್ಟೋ ಬೆಳಿಗ್ಗೆ ಎದ್ದು, ನಾನು ಬಾವಿಯ ತಳದಲ್ಲಿದ್ದೇನೆ ಅಂದುಕೊಂಡಿದ್ದೇನೆ.

ಜೋಳದ ಹಿಟ್ಟು ಅಲ್ಲಿ ಸಿಗುತ್ತದೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ಗೋಧಿ ಒಗ್ಗದವರ ಪಥ್ಯದ ಸಾಮಾನುಗಳ ನಡುವೆ, ಔಷಧಿಯ ಹಾಗೆ ಚಿಕ್ಕ ಚಿಕ್ಕ ಪಾಕೀಟಿನಲ್ಲಿ ಇಟ್ಟಿದ್ದರು. ಗುಜರಿ ಉಕ್ಕಿನಿಂದ ರೊಟ್ಟಿ ಸುಡುವ ಹಂಚು ಕತ್ತರಿಸಿಕೊಂಡು, ಒಂದು ಭಾನುವಾರ ಕೂತು ರೊಟ್ಟಿ ಬಡಿದೆ. ಹತ್ತು ನಿಮಿಷಕ್ಕೆ ಮನೆಯೊಡತಿ ಮೆಟ್ಟಿಲ ಮೇಲೆ ನಿಂತು, ಮುಖ ಬಿಳುಪಾಗಿ ಕೇಳಿದಳು: “ಕೆಳಗ ಯಾರ ಚಪ್ಪಾಳಿ ಹೊಡಿಯಾಕತ್ಯಾರ?” ರೊಟ್ಟಿ ತೋರಿಸಿದೆ. ಒಂದು ಚೂರು ಮುರಿದು ತಿಂದು ಮೇಲೆ ಹೋದಳು. ಆವತ್ತು ಮೂರು ರೊಟ್ಟಿಯನ್ನು ಶೇಂಗಾ ಚಟ್ನಿಪುಡಿ, ಮೊಸರಿನ ಜೊತೆ ಒಬ್ಬನೇ ತಿಂದು ಮುಗಿಸಿದೆ. ಆ ದೇಶವನ್ನು ಅರ್ಧ ಗೆದ್ದ ಹಾಗಾಗಿತ್ತು.

ಕೆಲಸದಲ್ಲಿ ಮಾತ್ರ ಕಲಿತದ್ದೆಲ್ಲ ತಿರುವುಮುರುವಾಯಿತು. ಆ ಊರಿನವರು ಚಳಿಗಾಲದಲ್ಲಿ ಹಿಮದ ಮೇಲೆ ಓಡಿಸುವ ಬಂಡಿಗೆ ‘ಸ್ಲೆಡ್’ ಅನ್ನುತ್ತಾರೆ. ಮುಂದೆ ಎರಡು ಜಾರುಪಟ್ಟಿ, ಹಿಂದೆ ರಬ್ಬರಿನ ಸರಪಳಿಚಕ್ರ, ಮೋಟಾರ್ ಸೈಕಲ್ಲಿನಂಥ ಸೀಟು. ಇಂಥ ಎರಡು ಬಂಡಿ ಹಿಡಿಸುವ ಮುಚ್ಚಿದ ಟ್ರೇಲರನ್ನು ಪಿಕಪ್ ಗಾಡಿಗೆ ಕಟ್ಟಿಕೊಂಡು ಕೆರೆಗಳಿಗೆ, ಕಾಡಿಗೆ ಹೋಗುತ್ತಾರೆ. ಅದರೊಳಗೇ ಬೆಂಚು, ಬೆಚ್ಚಗಿನ ಹೀಟರ್, ಒದ್ದೆ ಬಟ್ಟೆ ನೇತುಹಾಕಲು ಗೂಟ, ನೆಲಕ್ಕೆ ಬಂಡಿ ಬಿಗಿಯಲು ಕಬ್ಬಿಣದ ಬಳೆ, ಎಲ್ಲ ಬೇಕು. ಭಾಗ್ಯನಗರದಲ್ಲಿ ನಾನು ಕಟ್ಟಿದ ಗಾಡಿಗಳಿಗೆಲ್ಲ ಗಾಳಿ ಆಡಲೆಂದು ಜಾಲರಿ ಇಡುತ್ತಿದ್ದೆ. ಅಲ್ಲಿ ಸೂಜಿ ತೂರುವಷ್ಟು ಸಂದಿ ಇದ್ದರೂ ಕೆಲಸ ಕೆಟ್ಟಂತೆ. ನಮ್ಮಲ್ಲಿ ಮೇ ತಿಂಗಳಲ್ಲಿ ಕಬ್ಬಿಣ ಮುಟ್ಟಿದರೆ ಸುಡುತ್ತದೆ. ಅಲ್ಲಿ ಜನವರಿಯಲ್ಲಿ ಬರಿಗೈಯಿಂದ ಮುಟ್ಟಿದರೆ ಅಂಟಿಕೊಂಡು ಚರ್ಮ ಕಿತ್ತುಕೊಳ್ಳುತ್ತದೆ.

ಹರಳು ಕಟ್ಟಿದ್ದ ಆ ಡಬ್ಬಿಯನ್ನು ತಂದವರು ಮಾರ್ಲೀನ್ ಎಂಬ ಹೆಂಗಸು. ರೇ ಅವರಷ್ಟೇ ವಯಸ್ಸು, ಎತ್ತರದ ಆಳು, ಮಾತು ಕಡಿಮೆ. “ಒಳಗಿಂದ ಎಲ್ಲಾ ಕಿತ್ತು ಹಾಕಿ ಹೊಸದಾಗಿ ಮಾಡ್ರಿ. ಬೆಂಚ್ ಮಾತ್ರ ಅಲ್ಲೇ ಇರಲಿ,” ಎಂದಷ್ಟೇ ಹೇಳಿ ಹೋಗಿದ್ದರು. ಅವರನ್ನು ಹೆಸರು ಹಿಡಿದು ಕರೆಯಬೇಕಾಗಿ ಬಂದಾಗ ನನಗೆ ನಾಲಿಗೆ ತಡೆಯುತ್ತಿತ್ತು. ಮನಸ್ಸಿನಲ್ಲಿ ಮಾರ್ಲೀನಕ್ಕ ಅಂದುಕೊಂಡು, ಬಾಯಲ್ಲಿ ಮಾರ್ಲೀನ್ ಅನ್ನುತ್ತಿದ್ದೆ.

ಶೆಡ್ಡಿನೊಳಗೆ ಬೇರೊಂದು ಗಾಡಿ ಇದ್ದುದರಿಂದ ಮೊದಲ ವಾರ ಡಬ್ಬಿ ಅಂಗಳದಲ್ಲೇ ನಿಂತಿತ್ತು. ನಾನು ಹಳೆಯ ಹಲಗೆ ಕೀಳುತ್ತ ಅಳತೆ ತೆಗೆಯುತ್ತಿದ್ದೆ. ಛಾವಣಿಯ ಹತ್ತಿರ ಗಾಳಿ ಆಡಲು ಒಂದು ಕಿಂಡಿ ಇತ್ತು. ಅದಕ್ಕೆ ಒಳಗಿನಿಂದ ಯಾರೋ ಕೆಂಪು ಚೌಕಡಿಯ ದಪ್ಪ ಅಂಗಿಯೊಂದನ್ನು ಬಿಗಿಯಾಗಿ ತುರುಕಿದ್ದರು. ಎಳೆದು ತೆಗೆದು ಗುಜರಿ ಪೀಪಾಯಿಗೆ ಎಸೆದೆ. ಬಂಡಿ ಏರಿಸುವ ಹಿಂಬಾಗಿಲು ಹೊರಗಿನಿಂದಷ್ಟೇ ತೆರೆಯುತ್ತಿತ್ತು. ಮನುಷ್ಯರು ಹತ್ತಿಳಿಯುವ ಪಕ್ಕದ ಬಾಗಿಲಿಗೆ ಒಳಗಡೆ ಹಿಡಿಕೆಯೇ ಇರಲಿಲ್ಲ; ಮುರಿದು ಎಷ್ಟೋ ದಿನವಾಗಿತ್ತು.

ಹರಳನ್ನು ಕೆರೆದು ತೆಗೆದೆ. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ, ಅದೇ ಅಗಲಕ್ಕೆ ಮತ್ತೆ ಕಟ್ಟಿತ್ತು. ಮತ್ತೆ ಕೆರೆದೆ. ಮೂರನೆಯ ದಿನವೂ ಇತ್ತು, ನಾಲ್ಕನೆಯ ದಿನವೂ ಇತ್ತು. ಬೀಗ ಹಾಕಿದ ಹಾಗೇ ಇರುತ್ತಿತ್ತು. ಅಂಗಳದ ಹೊಸ ಹಿಮದ ಮೇಲೆ ಒಂದು ಹೆಜ್ಜೆಯ ಗುರುತೂ ಇರುತ್ತಿರಲಿಲ್ಲ.

ರೇಣುಕಾಳಿಗೆ ಫೋನ್ ಮಾಡಿದಾಗ ಹೇಳಿದೆ. ಅವಳ ಹಿಂದೆ ಗಿರಣಿ ಗರಗರ ಅನ್ನುತ್ತಿತ್ತು.

“ಬೆಳಕು ಹರಿಯೂದಕ್ಕ ಮುಂಚೆ ಹೋಗಿ ನೋಡ್ರಿ,” ಅಂದಳು. “ಮಂದಿ ಇದ್ರ ಮಾತಾಡ್ಸ್ರಿ. ಮಂದಿ ಅಲ್ಲದ್ದು ಇದ್ರ ಕೈ ಮುಗುದು ನಿಮ್ಮ ಕೆಲಸ ನೀವು ಮಾಡ್ರಿ. ಎರಡರಾಗ ಒಂದ ಇರಬೇಕಲ್ಲ!”

ಐದನೆಯ ದಿನ ಏಳಕ್ಕೂ ಮೊದಲೇ ಹೋದೆ. ಹಿಮ ಬೀಳುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿ ಬ್ಯಾಟರಿಯ ಬೆಳಕಿಗೆ ಕಂಡಿತು: ಡಬ್ಬಿಯ ಬಾಗಿಲು ಬೆರಳಷ್ಟು ತೆರೆದಿತ್ತು. ಒಳಗೆ ದೀಪವಿಲ್ಲ. ಯಾರೋ ಮೆತ್ತಗೆ ಮಾತಾಡುತ್ತಿದ್ದರು. ಒಂದು ಮಾತು ಕೇಳಿಸುವುದು, ಉತ್ತರಕ್ಕೆ ಕಾಯುವಷ್ಟು ಹೊತ್ತು ಸುಮ್ಮನಾಗುವುದು, ಮತ್ತೆ ಒಂದು ಮಾತು. ಕೊನೆಗೆ ಬಾಗಿಲು ಎಳೆದು, ರೇಣುಕಾ ಹೇಳಿದಂತೆ ಕೈ ಮುಗಿದು ನಿಂತೆ.

ಬೆಂಚಿನ ಮೇಲೆ ಮಾರ್ಲೀನ್ ಕೂತಿದ್ದರು. ಅವರ ಬಳಿ ಇನ್ನೊಂದು ಬೀಗದ ಕೈ ಇತ್ತು. ಬರುವಾಗಿನ ಅವರ ಹೆಜ್ಜೆಗಳನ್ನು ಹಿಮ ಆಗಲೇ ಮುಚ್ಚಿತ್ತು.

“ಕೈ ಯಾಕ ಜೋಡ್ಸೀದಿ?” ಎಂದರು.

“ದೆವ್ವ ಅಂತ ತಿಳಿದೆ.”

ಅವರು ನಗಲಿಲ್ಲ. “ಇಲ್ಲಿದ್ದ ಅಂಗಿ ಎಲ್ಲೈತಿ?” ಎಂದು ಕಿಂಡಿಯತ್ತ ಕೈ ತೋರಿಸಿದರು.

ಓಡಿ ಹೋಗಿ ಪೀಪಾಯಿಯೊಳಗೆ ಅರ್ಧ ಇಳಿದು ಹುಡುಕಿ ತಂದುಕೊಟ್ಟೆ. ಗ್ರೀಸು ಹತ್ತಿ ಬಿರುಸಾಗಿತ್ತು. ಅದನ್ನು ತೊಡೆಯ ಮೇಲೆ ಹಾಸಿಕೊಂಡು ಅವರು ಹೇಳಿದರು. ಅಂಗಿ ಅವರ ಗಂಡ ಗ್ಯಾರಿಯದು. ಹೋದ ಚಳಿಗಾಲ ಗ್ಯಾರಿ ಒಬ್ಬರೇ ಕೆರೆಗೆ ಹೋಗಿದ್ದರು. ಬಿರುಗಾಳಿ ಎದ್ದಾಗ ಈ ಡಬ್ಬಿಯೊಳಗೆ ಕೂತು ಗ್ಯಾಸಿನ ಒಲೆ ಹಚ್ಚಿಕೊಂಡರು. ಕಿಂಡಿಯಿಂದ ಚಳಿ ಬರುತ್ತದೆಂದು ಅಂಗಿ ಬಿಚ್ಚಿ ತುರುಕಿದರು. ಬೆಂಕಿ ಒಳಗಿನ ಗಾಳಿಯನ್ನೆಲ್ಲ ತಿಂದು ವಿಷ ಮಾಡಿತು. ಮರುದಿನ ಹುಡುಕಿಕೊಂಡು ಹೋಗಿ ಬಾಗಿಲು ತೆರೆದವರು ಮಾರ್ಲೀನ್‌ರೇ.

“ನಿದ್ದಿ ಹತ್ತಿದಂಗ ಕುಂತಿದ್ದ. ಮುಖ ಕೆಂಪಗ ಇತ್ತು, ಜೀವ ಐತಿ ಅಂತ ತಿಳಿದಿದ್ದೆ,” ಅಂದರು.

ನನಗೆ ಕುಷ್ಟಗಿ ಕಡೆಯ ನಮ್ಮ ದೊಡ್ಡವ್ವನ ಊರಿನ ಹಗೇವು ನೆನಪಾಯಿತು. ನೆಲದೊಳಗೆ ತೋಡಿ ಜೋಳ ತುಂಬಿಡುವ ಆ ಗುಂಡಿಯಲ್ಲೂ ಇಂಥದೇ ವಾಸನೆಯಿಲ್ಲದ ಗಾಳಿ ನಿಲ್ಲುತ್ತದೆ. ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಿದ್ದರು. ಜ್ವಾಲೆ ಆರಿದರೆ ಯಾರೂ ಇಳಿಯುವಂತಿಲ್ಲ. ಅದನ್ನು ಅವರಿಗೆ ಹೇಳಿದೆ. ಅವರು ಅಂಗಿಯನ್ನು ಮಡಚುತ್ತ, “ಹಂಗಾದ್ರ ನಿಂಗ ಇದು ಗೊತ್ತೈತಿ. ಇದರಾಗ ಇನ್ನೊಬ್ಬರು ಸಾಯದಂಗ ಕಟ್ಟು,” ಎಂದರು.

ಅವರು ಹೊರಡುವಾಗ ನಾನು, ದಿನಾ ಇಷ್ಟು ಚಳಿಯಲ್ಲಿ ಬರಬೇಡಿರೆಂದು ಹೇಳಿದೆ.

“ದಿನಾ ಎಲ್ಲಿ ಬಂದೀನಿ?” ಅಂದರು. “ಮೊನ್ನೆ ಒಂದ್ಸಲ ಬಂದಿದ್ದೆ. ಇವತ್ತ ಎರಡನೇದು.”

ನಾನು ಹರಳು ಕಂಡದ್ದು ನಾಲ್ಕು ಬೆಳಿಗ್ಗೆ. ಅದನ್ನು ಅವರಿಗೆ ಹೇಳಲಿಲ್ಲ. ರೇ ಅವರಿಗೂ ಹೇಳಲಿಲ್ಲ.

ಡಬ್ಬಿಯನ್ನು ಶೆಡ್ಡಿನೊಳಗೆ ತಂದು ಐದು ವಾರ ಕೆಲಸ ಮಾಡಿದೆ. ಗೋಡೆಗಳಿಗೆ ಫೋಮ್ ಹಲಗೆ ಕೂರಿಸಿದೆ. ಗಾಳಿ ಆಡಲು ಮೇಲೊಂದು ಕೆಳಗೊಂದು ಕಿಂಡಿ ಮಾಡಿ, ಬಟ್ಟೆ ತುರುಕಲು ಬಾರದ ಹಾಗೆ ಜಾಲರಿ ಬೆಸೆದೆ. ಗ್ಯಾಸಿನ ಒಲೆಯ ಬದಲು ಡೀಸೆಲ್ ಹೀಟರ್ ಇಟ್ಟು, ಅದರ ಹೊಗೆ ಕೊಳವೆಯನ್ನು ನೆಲದ ಅಡಿಯಿಂದ ಹೊರಗೆ ಬಿಟ್ಟೆ. ವಿಷಗಾಳಿ ಸುಳಿದರೆ ಕೂಗುವ ಅಲಾರಂ ಒಂದನ್ನು ಬೆಂಚಿನ ಪಕ್ಕ ಹೊಡೆದೆ.

ಪಕ್ಕದ ಬಾಗಿಲಿನ ವಿಷಯದಲ್ಲಿ ರೇ ಅವರಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಅಲ್ಲಿಯ ಟ್ರೇಲರುಗಳ ಬಾಗಿಲು ಹೊರಕ್ಕೆ ತೆರೆಯುತ್ತವೆ. ನಾನು ಚೌಕಟ್ಟು ಕಿತ್ತು, ಒಳಕ್ಕೆ ತೆರೆಯುವ ಹಾಗೆ ಕೂರಿಸಿದ್ದೆ.

“ತಲಿ ಕೆಟ್ಟೈತೇನು ನಿಂಗ? ಒಳಗ ಜಾಗ ತಿಂತೈತಿ ಅದು,” ಎಂದರು ರೇ.

“ನಮ್ಮ ಕಡೆ ಮನಿ ಬಾಗಿಲಾ ಒಳಕ್ಕ ತೆರೀತಾವ,” ಅಂದೆ. “ಹೊರಕ್ಕ ತೆರೆದ್ರ ಬಂದವರನ್ನ ದಬ್ಬಿದಂಗ ಆಗತೈತಿ.”

“ಇದು ಮನಿ ಅಲ್ಲ. ಸ್ಲೆಡ್ ಡಬ್ಬಿ.”

ನಿಜ ಹೇಳಬೇಕೆಂದರೆ ಆ ಬಾಗಿಲಿಗೆ ನನ್ನಲ್ಲಿ ಬೇರೆ ಕಾರಣವೇನೂ ಇರಲಿಲ್ಲ. ಕೈಗೆ ರೂಢಿಯಾದದ್ದನ್ನು ಕೈ ಮಾಡಿತ್ತು. ಮಾರ್ಲೀನ್ ಬಂದು, ಎರಡು ಸಲ ತೆರೆದು ಮುಚ್ಚಿ ನೋಡಿ, “ಇರಲಿ ಬಿಡು” ಅಂದದ್ದರಿಂದ ಅದು ಉಳಿಯಿತು.

ಫೆಬ್ರವರಿ ಕೊನೆಗೆ ಡಬ್ಬಿ ಸಿದ್ಧವಾಯಿತು. ಮಾರ್ಲೀನ್ ಮತ್ತು ಗ್ಯಾರಿ ಪ್ರತಿ ವರ್ಷ ಆ ಹೊತ್ತಿಗೆ ಹೆಪ್ಪುಗಟ್ಟಿದ ಕೆರೆಯನ್ನು ಸ್ಲೆಡ್ಡಿನ ಮೇಲೆ ದಾಟಿ, ಆಚೆ ದಡದಲ್ಲಿ ಚಹಾ ಮಾಡಿಕೊಂಡು ಕುಡಿದು ಬರುತ್ತಿದ್ದರಂತೆ. ಈ ವರ್ಷವೂ ಹೋಗಲೇಬೇಕು ಎಂದರು. ಜೊತೆಗೆ ಬರಲು ರೇ ಅವರಿಗೆ ಮಂಡಿ ನೋವು.

“ನೀ ಕಟ್ಟಿದ ಡಬ್ಬಿ, ನೀನ ಬಾ,” ಅಂದರು ನನಗೆ.

ಗ್ಯಾರಿಯ ಸ್ಲೆಡ್ಡು, ಗ್ಯಾರಿಯ ಹೆಲ್ಮೆಟ್ಟು ನನ್ನ ಪಾಲಿಗೆ ಬಂದವು. ಹೆಲ್ಮೆಟ್ಟು ಅಳತೆಗೆ ಸರಿಯಾಗಿ ಕೂತಿತು. ನನ್ನನ್ನು ನೋಡಿದ ಮಾರ್ಲೀನ್ ಒಂದು ಗಳಿಗೆ ಮುಖ ಆ ಕಡೆ ತಿರುಗಿಸಿಕೊಂಡರು.

ಕೆರೆ ಅಂತ ನಾನು ಅನ್ನುತ್ತಿದ್ದೇನೆ, ಆದರೆ ಅದರ ಆಚೆ ದಡ ಕಾಣುವುದಿಲ್ಲ. ನಮ್ಮ ಕೊಪ್ಪಳದ ಹುಲಿಕೆರೆಯಂಥ ನೂರು ಕೆರೆ ಅದರೊಳಗೆ ಹೊರಳಾಡಬಹುದು. ಮೇಲೆ ಬಿಳುಪು, ಕೆಳಗೆ ಬಿಳುಪು. ಆಗಾಗ ಮಂಜುಗಡ್ಡೆಯೊಳಗಿನಿಂದ, ಯಾರೋ ದೂರದಲ್ಲಿ ತಂತಿ ಎಳೆದು ಬಿಟ್ಟಂತೆ, ಉದ್ದನೆಯ ನರಳುವ ಸದ್ದು. ಗಡ್ಡೆ ದಪ್ಪವಾಗುವಾಗ ಹಾಗೆ ಕೂಗುತ್ತದಂತೆ. ಕೂಗಿದರೆ ಒಳ್ಳೆಯದು, ಸುಮ್ಮನಿದ್ದರೆ ಹೆದರಬೇಕು ಎಂದು ಮಾರ್ಲೀನ್ ಹೇಳಿಕೊಟ್ಟರು. ಇನ್ನೊಂದು ಮಾತನ್ನೂ ಹೇಳಿದ್ದರು: “ನಾ ಕಾಣದಂಗ ಆದ್ರ, ಎಂಜಿನ್ ಬಂದ್ ಮಾಡಿ ನಿಂತಲ್ಲೇ ನಿಲ್ಲು.”

ಆಚೆ ದಡ ಮುಟ್ಟಿದೆವು. ಚಹಾ ಕುಡಿದೆವು. ಅವರು ಗ್ಯಾರಿಯ ಪಾಲಿನದೊಂದು ಲೋಟವನ್ನು ಹಿಮದ ಮೇಲೆ ಸುರಿದರು. ಕಂದು ತೂತಾಗಿ ಅದು ಕೆಳಗಿಳಿಯಿತು. ಹಿಂದಿರುಗುವಾಗ, ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಗಾಳಿ ಎದ್ದಿತು.

ಅಲ್ಲಿಯವರು ಅದಕ್ಕೆ ‘ವೈಟ್‌ಔಟ್’ ಅನ್ನುತ್ತಾರೆ. ಹಾರುವ ಹಿಮದಲ್ಲಿ ನೆಲ, ಮುಗಿಲು, ಎದುರಿನ ಮನುಷ್ಯ ಎಲ್ಲ ಅಳಿಸಿಹೋಗಿ ಬರೀ ಬಿಳುಪು ಉಳಿಯುವ ಸ್ಥಿತಿ. ಹಾಡಹಗಲಿನ ಕುರುಡು. ಮಾರ್ಲೀನ್‌ರ ಸ್ಲೆಡ್ಡಿನ ಕೆಂಪು ದೀಪ ನನ್ನ ಮುಂದೆ ಇತ್ತು, ಆಮೇಲೆ ಇರಲಿಲ್ಲ. ಎಂಜಿನ್ ಬಂದ್ ಮಾಡಿದೆ. ನನ್ನ ಉಸಿರು ಹೆಲ್ಮೆಟ್ಟಿನೊಳಗೆ ನನಗೇ ಕೇಳಿಸುತ್ತಿತ್ತು. ಅದು ನನ್ನದೋ ಇನ್ನೊಬ್ಬರದೋ ಎಂದು ಒಮ್ಮೆ ಅನುಮಾನವಾಗಿ ಉಸಿರು ಹಿಡಿದು ನೋಡಿದೆ.

ಎಷ್ಟು ಹೊತ್ತಾಯಿತೋ ತಿಳಿಯದು. ಎಡಗಡೆ ಮಸುಕಾಗಿ ಒಂದು ದೀಪ ಕಂಡಿತು, ಒಂದೇ ಕಡೆ ನಿಂತ ದೀಪ. ಮಾರ್ಲೀನ್ ನನಗಾಗಿ ನಿಂತಿದ್ದಾರೆ ಅಂದುಕೊಂಡೆ. ನಿಂತಲ್ಲೇ ನಿಲ್ಲು ಅಂದದ್ದು ಮರೆತು, ಇಳಿದು ಅದರ ಕಡೆ ನಡೆದೆ. ಇಪ್ಪತ್ತು ಹೆಜ್ಜೆ ಹೋಗಿರಬಹುದು.

“ಯಮನೂರಾ!”

ಹಿಂದಿನಿಂದ ಕರೆದರು. ಗಂಡು ದನಿ. ಸಿಟ್ಟಿನದಲ್ಲ, ಹೊಲದ ಬದುವಿನಿಂದ ಊಟಕ್ಕೆ ಕರೆಯುವ ದನಿ. ಆ ಮಂಜುಗಡ್ಡೆಯ ಮೇಲೆ ನನ್ನ ಹೆಸರು ಬಲ್ಲ ಒಂದು ಜೀವವೂ ಇರಲಿಲ್ಲ.

ನಮ್ಮ ಕಡೆ ಹೊಲ ಅಡವಿಯಲ್ಲಿ ಹೆಸರು ಹಿಡಿದು ಒಂದೇ ಸಲ ಕರೆದರೆ ಓ ಅನ್ನಬಾರದು, ತಿರುಗಿ ನೋಡಬಾರದು. ಮನುಷ್ಯರಾದರೆ ಇನ್ನೊಂದು ಸಲ ಕರೆಯುತ್ತಾರೆ. ದೊಡ್ಡವ್ವ ಕಲಿಸಿದ್ದು ಅದು. ನಾನು ಮುಂದೆಯೂ ಹೋಗದೆ, ಹಿಂದೆಯೂ ತಿರುಗದೆ, ಎರಡನೆಯ ಕರೆಗಾಗಿ ಕಾಯುತ್ತ ನಿಂತೆ. ಅದು ಬರಲಿಲ್ಲ. ನಿಂತಲ್ಲೇ ಗಮನಿಸಿದೆ: ನನ್ನ ಬೂಟು ಕಣಕಾಲಿನವರೆಗೆ ಒದ್ದೆಯಾಗಿತ್ತು. ಹಿಮದ ಕೆಳಗೆ ನೀರಿತ್ತು. ಗಡ್ಡೆ ಕೂಗುತ್ತಿರಲಿಲ್ಲ.

ಬಂದ ಹೆಜ್ಜೆಯ ಮೇಲೇ ಹಿಮ್ಮುಖವಾಗಿ ಕಾಲಿಡುತ್ತ ಸ್ಲೆಡ್ಡಿನವರೆಗೆ ಬಂದೆ. ಸ್ವಲ್ಪ ಹೊತ್ತಿಗೆ ಮಾರ್ಲೀನ್ ಬಲಗಡೆಯಿಂದ ಬಂದರು. ಎಡಗಡೆಯ ದೀಪ ತೋರಿಸಿದೆ. ಅಲ್ಲಿ ಈಗ ಏನೂ ಇರಲಿಲ್ಲ.

“ಅತ್ಲಾಗ ಹಳ್ಳ ಬಂದು ಕೆರಿ ಕೂಡತೈತಿ. ಅಲ್ಲಿ ಗಡ್ಡಿ ತೆಳ್ಳಗ. ಅಲ್ಲಿ ಯಾರೂ ಹೋಗಂಗಿಲ್ಲ,” ಅಂದರು. ಆಮೇಲೆ ನನ್ನ ಸ್ಲೆಡ್ಡಿಗೂ ಅವರದಕ್ಕೂ ಹಗ್ಗ ಕಟ್ಟಿದರು.

ದಡ ಸೇರುವಾಗ ಮೂರು ಗಂಟೆ. ಸ್ಲೆಡ್ಡುಗಳನ್ನು ಡಬ್ಬಿಗೆ ಏರಿಸಿ ಬಿಗಿದೆವು. ರಸ್ತೆ ಕಾಣುತ್ತಿರಲಿಲ್ಲ, ಗಾಳಿ ಇಳಿಯುವವರೆಗೆ ಕಾಯಬೇಕಿತ್ತು. ಪಿಕಪ್ಪಿನೊಳಗೂ ಕೂರಬಹುದಿತ್ತು. ಮಾರ್ಲೀನ್ ಒಪ್ಪಲಿಲ್ಲ. “ನಾ ಇದರಾಗ ಕುಂದ್ರಾಕಂತ ಬಂದೀನಿ,” ಅಂದರು.

ಹೀಟರ್ ಹಚ್ಚಿದೆ. ಅವರು ಬೆಂಚಿನ ಮೇಲೆ ಗ್ಯಾರಿ ಕೂತಿದ್ದ ಮೂಲೆಯಲ್ಲೇ ಕೂತರು. ನಾನು ಎದುರಿಗೆ, ನೆಲದ ಮೇಲೆ. ಹೊರಗೆ ಗಾಳಿ ತಗಡನ್ನು ಸವರಿ ಹೋಗುತ್ತಿತ್ತು. ಒಳಗೆ ಬೆಚ್ಚಗಾಯಿತು. ಅವರು ಗ್ಯಾರಿಯ ಬಗ್ಗೆ ಏನೋ ಹೇಳುತ್ತಿದ್ದರು, ಮೀನು ಹಿಡಿಯುವಾಗ ಹಾಡುತ್ತಿದ್ದನಂತೆ. ಮಾತು ನಿಧಾನವಾಯಿತು, ನಿಂತಿತು. ನನಗೂ ಕಣ್ಣೆಳೆಯಿತು. ಎಂಥ ಸುಖ ಅದು! ಮೇ ತಿಂಗಳ ಮಧ್ಯಾಹ್ನ, ಉಂಡು, ಭಾಗ್ಯನಗರದ ಮನೆಯ ನಡುಮನೆಯಲ್ಲಿ ಬರಿ ಬಂಡೆಯ ಮೇಲೆ ಮೈ ಚಾಚಿದ ಹಾಗೆ. ಗಿರಣಿ ಗರಗರ ಅನ್ನುತ್ತಿತ್ತು. ಯಾಕೋ ಅದು ಸಣ್ಣ ದನಿಯಲ್ಲಿ ಚೀರತೊಡಗಿತು. “ರೇಣುಕಾ, ಪಟ್ಟಿ ಕಳಚೇತಿ ನೋಡು,” ಎಂದು ಹೇಳಲು ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ.

ಚೀರುತ್ತಿದ್ದದ್ದು ಅಲಾರಂ.

ಗೊತ್ತಾಯಿತು, ಆದರೆ ಗೊತ್ತಾದದ್ದಕ್ಕೂ ಕೈಕಾಲಿಗೂ ಸಂಬಂಧ ಇರಲಿಲ್ಲ. ಮಂಡಿಯ ಮೇಲೆ ತೆವಳಿದೆ. ಮಾರ್ಲೀನ್ ಗೋಡೆಗೆ ತಲೆ ಆನಿಸಿದ್ದರು, ಮುಖ ಕೆಂಪಗಿತ್ತು. ಪಕ್ಕದ ಬಾಗಿಲಿನ ಹಿಡಿಕೆ ಸಿಕ್ಕಿತು. ಮೈಯ ಭಾರವನ್ನೆಲ್ಲ ಹಾಕಿ ಒಳಕ್ಕೆ ಎಳೆದೆ. ಬಾಗಿಲು ತೆರೆಯಿತು. ಹೊರಗೆ ಎದೆಮಟ್ಟ ಹಿಮ, ಬಾಗಿಲಿನ ಆಕಾರಕ್ಕೇ ಗೋಡೆ ಕಟ್ಟಿ ನಿಂತಿತ್ತು. ಅದು ಹೊರಕ್ಕೆ ದಬ್ಬುವ ಬಾಗಿಲಾಗಿದ್ದರೆ ಅಲುಗುತ್ತಿರಲಿಲ್ಲ. ಆ ಗೋಡೆಯ ಮೇಲಿನ ಸಂದಿಯಿಂದ ಗಾಳಿ ಚೂರಿಯಂತೆ ಒಳಗೆ ಬಂತು. ಹಿಮವನ್ನು ಕೈಯಿಂದ ಒಳಗೆಳೆದುಕೊಂಡು ದಾರಿ ಮಾಡಿ, ಮಾರ್ಲೀನ್‌ರನ್ನು ಕಂಕುಳಿಗೆ ಕೈಹಾಕಿ ಎಳೆದು ಹೊರಗೆ ಹಾಕಿದೆ.

ಇಬ್ಬರೂ ಹಿಮದ ಮೇಲೆ ವಾಂತಿ ಮಾಡಿಕೊಂಡೆವು. ಬಹಳ ಹೊತ್ತಿನ ಮೇಲೆ ಅವರು ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು.

ತಪ್ಪು ನನ್ನದೇ. ಹೊಗೆ ಕೊಳವೆಯನ್ನು ನೆಲದ ಅಡಿಯಿಂದ ಬಿಟ್ಟಿದ್ದೆನಲ್ಲ, ಗಾಳಿ ತಂದು ಒಟ್ಟಿದ ಹಿಮ ಅದರ ಬಾಯನ್ನೂ ಕೆಳಗಿನ ಕಿಂಡಿಯನ್ನೂ ಮುಚ್ಚಿತ್ತು. ಹೊರಗೆ ಹೋಗಲಾರದ ಹೊಗೆ ನೆಲದ ಸಂದಿಯಿಂದ ಒಳಗೆ ಬಂದಿತ್ತು, ಮೇಲಿನ ಕಿಂಡಿಯೊಂದೇ ಅದಕ್ಕೆ ಸಾಲಲಿಲ್ಲ. ಹಗೇವಿನ ಬುದ್ಧಿ ಹೇಳಿದ ಮನುಷ್ಯನಿಗೆ ಹಿಮದ ಬುದ್ಧಿ ಗೊತ್ತಿರಲಿಲ್ಲ. ಪಿಕಪ್ಪಿನ ಸುತ್ತ ಹಿಮ ತೋಡಿ, ಅದರ ಕಿಟಕಿ ಇಳಿಸಿಕೊಂಡು ಕೂತಾಗ ಅವರಿಗೆ ಅದನ್ನು ಹೇಳಿದೆ. ನನ್ನ ಕೈಯಿಂದ ಇಬ್ಬರ ಜೀವ ಹೋಗುತ್ತಿತ್ತು ಅಂದೆ. ಹೇಳುವಾಗ ಹಲ್ಲು ಕಟಕಟ ಅನ್ನುತ್ತಿದ್ದವು.

“ಹೋಗಲಿಲ್ಲಲ್ಲ,” ಅಂದರು. “ನನಗ ಏಳಬೇಕು ಅಂತ ಅನಿಸಲೇ ಇಲ್ಲ. ಗ್ಯಾರಿಗೂ ಹಿಂಗ ಆಗಿರಬೇಕು. ಅಂವ ಹೆದರಿಲ್ಲ. ವರ್ಷದಿಂದ ಅಂವ ಬಾಗಿಲಾ ಬಡದು ಬಡದು ಸತ್ತ ಅಂತ ತಿಳಕೊಂಡಿದ್ದೆ,” ಎಂದರು. ಆಮೇಲೆ ಅತ್ತರು. ನಾನು ಅಲ್ಲಿ ಮೂರು ವರ್ಷದಲ್ಲಿ ಮೊದಲ ಸಲ ಒಬ್ಬರ ಅಳು ಕೇಳಿದೆ.

ಕೆರೆಯ ಮೇಲೆ ಕೇಳಿದ ದನಿಯ ಸಂಗತಿಯನ್ನೂ ಆಗಲೇ ಹೇಳಿದೆ. ಬಿಳುಪಿನಲ್ಲಿ ಸಿಕ್ಕವರಿಗೆಲ್ಲ ಏನೋ ಒಂದು ಕೇಳಿಸುತ್ತದೆ, ಗ್ಯಾರಿಯೂ ಹಾಗೆ ಅನ್ನುತ್ತಿದ್ದ ಎಂದರು. ನಂತರ ಕೇಳಿದರು: “ಯಾಮ್ ಅಂತ ಕರೀತೇನು?”

“ಇಲ್ಲ. ನಮ್ಮೂರಾಗ ಕರಿಯೂ ಹಂಗ.”

“ಹೆಂಗ?”

ಹೇಳಿದೆ. ಅವರು ತಿರುಗಿ ಹೇಳಿದರು, ತಪ್ಪಾಯಿತು. ಬಿಡಿಸಿ ಹೇಳಿಕೊಟ್ಟೆ. ಗಾಳಿ ಇಳಿದು ರಸ್ತೆಯ ಕಂಬಗಳು ಒಂದೊಂದಾಗಿ ಕಾಣತೊಡಗುವ ಹೊತ್ತಿಗೆ ಅವರ ಬಾಯಲ್ಲಿ ಯಮನೂರಪ್ಪ ಅನ್ನುವುದು ಪೂರ್ತಿ ನಿಂತಿತ್ತು.

ಮರುವಾರ ಹೊಗೆ ಕೊಳವೆಯನ್ನು ಕಿತ್ತು ಛಾವಣಿಯ ಮೇಲಕ್ಕೆ ಏರಿಸಿದೆ. ರೇ ಅವರು ಆಮೇಲೆ ಬಂದ ಎರಡು ಡಬ್ಬಿಗಳಿಗೆ ಒಳಕ್ಕೆ ತೆರೆಯುವ ಬಾಗಿಲನ್ನೇ ಹಾಕಿಸಿದರು, ಯಾಕೆಂದು ಗಿರಾಕಿಗಳಿಗೆ ವಿವರಿಸದೆ. ಆ ದನಿ ಯಾರದೆಂದು ನಾನು ಅಣ್ಣನನ್ನು, ಸೋದರಮಾವನನ್ನು, ತೀರಿಹೋದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದು ಹೋಲಿಸಿ ನೋಡಿದ್ದೇನೆ. ಯಾರದೂ ಅಲ್ಲ.

ಈಗ ಇದನ್ನು ಭಾಗ್ಯನಗರದಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ತಿಂಗಳ ರಜೆಯ ಮೇಲೆ ನವೆಂಬರಿನಲ್ಲಿ ಬಂದೆ. ಅಣ್ಣನ ವರ್ಕ್‌ಶಾಪಿಗೆ ದಿನಾ ಹೋಗುತ್ತೇನೆ. ಜನ ಹಿಮದ ಬಗ್ಗೆ ಕೇಳುತ್ತಾರೆ. ಫ್ರಿಜ್ಜಿನೊಳಗೆ ಇದ್ದ ಹಾಗೆ ಅನ್ನುತ್ತೇನೆ, ನಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ನನಗೆ ತಲೆನೋವು ಬರುತ್ತದೆ. ಯಾರಾದರೂ ಪೂರ್ತಿ ಹೆಸರು ಹಿಡಿದು ಕರೆದರೆ ಒಂದು ಗಳಿಗೆ ತಡವಾಗಿ ಓ ಅನ್ನುತ್ತೇನೆ. ಅದನ್ನು ಎಲ್ಲರಿಗಿಂತ ಮೊದಲು ಗಮನಿಸಿದವಳು ರೇಣುಕಾ, ಆದರೆ ಅವಳು ಅದರ ಬಗ್ಗೆ ಮಾತೆತ್ತಿಲ್ಲ.

ಮೊನ್ನೆ ಸಂಜೆ ಗಿರಣಿಯಲ್ಲಿ ಅವಳಿಗೆ ಚೀಲ ಎತ್ತಿಕೊಡುತ್ತಿದ್ದಾಗ ಫೋನ್ ಬಂತು. ಕೈಗೆಲ್ಲ ಹಿಟ್ಟು, ಸ್ಪೀಕರ್ ಹಾಕಿದೆ. ಮಾರ್ಲೀನ್. ಎರಡೇ ಮಾತು ಹೇಳಿ ಇಟ್ಟರು.

“ಅಯ್ಯ, ನಿಮ್ಮ ಹೆಸರು ಎಷ್ಟ್ ಛಲೋ ಅಂದ್ಲು ಆಕಿ!” ಅಂದಳು ರೇಣುಕಾ. “ಏನಂತ್ರಿ?”

“ಕೆರಿ ಹೆಪ್ಪುಗಟ್ಟೇತಂತ.”

“ಯಾವ ಕೆರಿ?”

“ನಮ್ಮ ಕೆರಿ,” ಅಂದುಬಿಟ್ಟೆ.

ರೇಣುಕಾ ಗಿರಣಿ ಬಂದ್ ಮಾಡಿದಳು. ಪಟ್ಟಿ ತಿರುಗಿ ತಿರುಗಿ ನಿಂತಿತು. ಅವಳು ನನ್ನ ಮುಖವನ್ನು, ನನಗೇ ಗೊತ್ತಿಲ್ಲದೆ ಅಲ್ಲಿ ಮೂಡಿದ್ದ ಖುಷಿಯನ್ನು, ಬಹಳ ಹೊತ್ತು ನೋಡಿದಳು.

“ನಮ್ಮ ಕೆರ್ಯಾಗ ಮಂದಿ ಇನ್ನೂ ಎಮ್ಮಿ ಮೈ ತೊಳಿಯಾಕತ್ಯಾರ್ರೀ,” ಎಂದು ಹೇಳಿ, ಮುಂದಿನ ಚೀಲದ ಬಾಯಿ ಬಿಚ್ಚಿದಳು.